ಅಸಿಟಿಲೀನ್ ತನ್ನ ಪ್ರೋಟಾನನ್ನು ಯಾರಿಗೆ ಬಿಟ್ಟುಕೊಡುತ್ತದೆ?

ಓದುಗರ ಪ್ರಶ್ನೆ – ರಸಾಯನ ವಿಜ್ಞಾನ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಅನಿಲದ ಸುತ್ತ ಇದ್ದುದರಿಂದ ಉಳಿದವನ್ನು ಮುಂದಿನ ತಿಂಗಳಿಗೆ ಇಟ್ಟು, ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಸಿಟಿಲೀನ್ ಒಂದು ಆಮ್ಲ ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಅದು ಲಿಟ್ಮಸ್ ಕಾಗದದ ಬಣ್ಣ ಬದಲಿಸುವುದಿಲ್ಲ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದೊಂದಿಗೂ ವರ್ತಿಸುವುದಿಲ್ಲ. ಅದರ ಇಂಗಾಲ–ಹೈಡ್ರೋಜನ್ ಬಂಧ ಈಥೇನಿನ ಬಂಧಕ್ಕಿಂತ ಗಟ್ಟಿ ಎಂದೂ ಅದೇ ಪುಸ್ತಕದಲ್ಲಿದೆ. ಗಟ್ಟಿ ಬಂಧವಿರುವ ಅಣು ಆಮ್ಲವಾಗುವುದು ಹೇಗೆ? ಸೂಪರ್‌ಬೇಸ್ ಎಂಬುದಕ್ಕೂ ಇದಕ್ಕೂ ಏನು ಸಂಬಂಧ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಸೇಡಂ

ಉತ್ತರ: ಎರಡನೆಯ ಸಂದೇಹವನ್ನು ಮೊದಲು ಬಿಡಿಸೋಣ, ಏಕೆಂದರೆ ಈ ಗೊಂದಲ ಹಲವು ಶಿಕ್ಷಕರಲ್ಲಿಯೂ ಉಳಿದಿರುತ್ತದೆ. ಬಂಧ ಮುರಿಯುವುದಕ್ಕೆ ಎರಡು ಬಗೆಗಳಿವೆ. ಬಂಧದಲ್ಲಿರುವ ಎರಡು ಎಲೆಕ್ಟ್ರಾನ್‌ಗಳನ್ನು ಅಣ್ಣತಮ್ಮಂದಿರ ಪಾಲಿನಂತೆ ಒಂದೊಂದಾಗಿ ಹಂಚಿಕೊಂಡು ಮುರಿಯುವುದು ಒಂದು ಬಗೆ. ಎರಡನ್ನೂ ಇಂಗಾಲವೇ ಇಟ್ಟುಕೊಂಡು ಹೈಡ್ರೋಜನ್ನನ್ನು ಬರಿಗೈಯಲ್ಲಿ, ಅಂದರೆ ಬರೀ ಪ್ರೋಟಾನ್ ಆಗಿ, ಹೊರಗೆ ಕಳಿಸುವುದು ಇನ್ನೊಂದು ಬಗೆ. ಪುಸ್ತಕದ ಕೋಷ್ಟಕದಲ್ಲಿ ಬಂಧದ ಬಲವೆಂದು ಕೊಟ್ಟಿರುವುದು ಮೊದಲ ಬಗೆಯ ಲೆಕ್ಕ, ಆಮ್ಲತೆ ಎಂಬುದು ಎರಡನೆಯ ಬಗೆಯ ಲೆಕ್ಕ. ಅಸಿಟಿಲೀನಿನಲ್ಲಿ ಇಂಗಾಲದ ಸಂಕರಣ (ಎಸ್ ಮತ್ತು ಪಿ ಎಂಬ ಎಲೆಕ್ಟ್ರಾನ್ ಕಕ್ಷಕಗಳ ಬೆರಕೆ) ಎಸ್‌ಪಿ ಬಗೆಯದು, ಅಂದರೆ ಬಂಧದ ಕಕ್ಷಕದಲ್ಲಿ ಅರ್ಧ ಪಾಲು ಎಸ್ ಗುಣವಿದೆ. ಎಥಿಲೀನಿನಲ್ಲಿ ಇದು ಮೂರನೆಯ ಒಂದು ಪಾಲು, ಈಥೇನಿನಲ್ಲಿ ಕಾಲು ಪಾಲು. ಎಸ್ ಕಕ್ಷಕದ ಎಲೆಕ್ಟ್ರಾನ್‌ಗಳು ಬೀಜಕೇಂದ್ರಕ್ಕೆ ಹತ್ತಿರವಿರುವುದರಿಂದ ಬಂಧ ಗಿಡ್ಡವೂ ಗಟ್ಟಿಯೂ ಆಗುತ್ತದೆ, ಮತ್ತು ಅದೇ ಕಾರಣಕ್ಕೆ ಪ್ರೋಟಾನ್ ಹೋದ ಮೇಲೆ ಉಳಿಯುವ ಎಲೆಕ್ಟ್ರಾನ್ ಜೋಡಿಯನ್ನು ಇಂಗಾಲವು ಹೆಚ್ಚು ಕಷ್ಟವಿಲ್ಲದೆ ಹೊತ್ತುಕೊಳ್ಳುತ್ತದೆ. ಗಟ್ಟಿತನ ಮತ್ತು ಆಮ್ಲತೆ ಒಂದಕ್ಕೊಂದು ವಿರುದ್ಧವಲ್ಲ, ಎರಡೂ ಒಂದೇ ಬೇರಿನಿಂದ ಬಂದವು.

ಇನ್ನು ಲಿಟ್ಮಸ್ಸಿನ ಮಾತು. ಆಮ್ಲದ ಬಲವನ್ನು ಅಳೆಯುವ ಪಿಕೆಎ ಅಂಕಿ ಒಂದು ಹೆಚ್ಚಾದರೆ ಆಮ್ಲತೆ ಹತ್ತು ಪಟ್ಟು ಇಳಿಯಿತು ಎಂದರ್ಥ. ವಿನೆಗರಿನ ಅಸಿಟಿಕ್ ಆಮ್ಲಕ್ಕೆ ಇದು 4.76, ನೀರಿಗೆ 15.7, ಅಸಿಟಿಲೀನಿಗೆ ಸುಮಾರು 25, ಎಥಿಲೀನಿಗೆ 44, ಈಥೇನಿಗೆ 50. ಅಂದರೆ ತನ್ನ ಅಕ್ಕತಂಗಿಯರಾದ ಎಥಿಲೀನ್, ಈಥೇನುಗಳ ಎದುರು ಅಸಿಟಿಲೀನ್ ಭಾರಿ ಆಮ್ಲವೇ ಹೌದು, ಆದರೆ ನೀರಿನ ಎದುರು ನಿಲ್ಲಿಸಿದರೆ ಅದು ಸುಮಾರು 200 ಕೋಟಿ ಪಟ್ಟು ದುರ್ಬಲ. ಹೈಡ್ರಾಕ್ಸೈಡ್ ಅಯಾನು ಅಸಿಟಿಲೀನಿನಿಂದ ಪ್ರೋಟಾನ್ ಕಸಿದುಕೊಂಡರೆ ನೀರಾಗುತ್ತದೆ, ಆ ನೀರು ತಾನೇ ಹೆಚ್ಚು ಬಲದ ಆಮ್ಲವಾದ್ದರಿಂದ ಕೂಡಲೇ ಪ್ರೋಟಾನನ್ನು ಹಿಂದಿರುಗಿಸಿಬಿಡುತ್ತದೆ. ನಿಮ್ಮ ಪ್ರಯೋಗಶಾಲೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಏನೂ ಮಾಡದೆ ಕುಳಿತಿರುವುದಕ್ಕೆ ಇಷ್ಟೇ ಕಾರಣ. ಅಮೋನಿಯಾದ ಪಿಕೆಎ ಸುಮಾರು 38. ಆದುದರಿಂದ ಅಮೋನಿಯಾದಿಂದ ಹುಟ್ಟಿದ ಸೋಡಮೈಡ್ ಬಳಸಿದರೆ ಅಸಿಟಿಲೀನ್ ಮರುಮಾತಿಲ್ಲದೆ ಪ್ರೋಟಾನನ್ನು ಕೊಟ್ಟು ಸೋಡಿಯಂ ಅಸಿಟಿಲೈಡ್ ಆಗುತ್ತದೆ. ಬ್ಯೂಟೈಲ್‌ಲಿಥಿಯಂ ಇದಕ್ಕಿಂತ ಬಲಶಾಲಿ. ಅದಕ್ಕೆ ಪೊಟ್ಯಾಸಿಯಂ ಟರ್ಷರಿ ಬ್ಯೂಟಾಕ್ಸೈಡ್ ಬೆರೆಸಿದರೆ ಎರಡಕ್ಕೂ ಇಲ್ಲದ ಶಕ್ತಿ ಬರುವುದನ್ನು 1966–67ರ ಸುಮಾರಿಗೆ ಲೋಖ್‌ಮನ್ ಮತ್ತು ಶ್ಲೋಸರ್ ಬೇರೆಬೇರೆಯಾಗಿ ತೋರಿಸಿದರು. ಸೂಪರ್‌ಬೇಸ್ ಎಂಬ ಮಾತಿಗೆ ಇಂಥ ಮಿಶ್ರಣವೇ ಮಾದರಿ. ಫ್ರಾನ್ಸಿನ ಪಾಲ್ ಕೊಬೇರ್ 1993ರಲ್ಲಿ ಬರೆದ ವಿಮರ್ಶೆಯಲ್ಲಿ, ಹೆಚ್ಚು ಬಲವಿದ್ದ ಮಾತ್ರಕ್ಕೆ ಸೂಪರ್‌ಬೇಸ್ ಆಗದು, ಎರಡು ಅಥವಾ ಹೆಚ್ಚು ಪ್ರತ್ಯಾಮ್ಲಗಳು ಸೇರಿ ಹೊಸ ಗುಣವುಳ್ಳ ಪ್ರತ್ಯಾಮ್ಲ ಹುಟ್ಟಿದಾಗ ಆ ಹೆಸರು ಸಲ್ಲುತ್ತದೆ ಎಂಬ ನಿಲುವು ತಳೆದರು. ರಸಾಯನ ವಿಜ್ಞಾನದ ಪದಗಳಿಗೆ ಅರ್ಥ ನಿಗದಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಪಿಎಸಿಯ ಅರ್ಥ ಇದಕ್ಕಿಂತ ಸಡಿಲ. ಬಹಳ ಹೆಚ್ಚಿನ ಪ್ರತ್ಯಾಮ್ಲತೆಯುಳ್ಳ ಸಂಯುಕ್ತ ಎಂದಷ್ಟೇ ಹೇಳಿ, ಲಿಥಿಯಂ ಡೈಐಸೊಪ್ರೊಪಿಲಮೈಡನ್ನು ಉದಾಹರಣೆಯಾಗಿ ಕೊಡುತ್ತದೆ. ನನಗೆ ಕೊಬೇರ್ ಮಾತೇ ಹೆಚ್ಚು ಸರಿ ಎನಿಸುತ್ತದೆ. ಏಕೆ ಎಂಬುದು ಮುಂದಿನ ಪ್ರಶ್ನೆಯಲ್ಲಿ ತಿಳಿಯುತ್ತದೆ.

ಅದಕ್ಕೆ ಮೊದಲು, ಇದೇ ಕತೆಯನ್ನು ತಿರುಗಾಮುರುಗಾ ಮಾಡಿ ನೋಡುವ ಒಂದು ಪ್ರಯೋಗವಿದೆ. ಪ್ರತಿವರ್ಷ ಮೊದಲ ತರಗತಿಯಲ್ಲಿ ನಾನು ಇದನ್ನೇ ಮಾಡುತ್ತಿದ್ದೆ. ಒಂದು ಅಗಲವಾದ ಬೀಕರಿನಲ್ಲಿ ನೀರು ತೆಗೆದುಕೊಂಡು, ಪ್ರತ್ಯಾಮ್ಲ ತಾಗಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಸೂಚಕವನ್ನು ನಾಲ್ಕು ಹನಿ ಹಾಕಿ, ಕಡಲೆಕಾಳಿನಷ್ಟು ಕ್ಯಾಲ್ಸಿಯಂ ಕಾರ್ಬೈಡ್ ಚೂರನ್ನು ಬಿಡಬೇಕು. ಬೂದು ಬಣ್ಣದ ಆ ಚೂರು ತಳ ಮುಟ್ಟುವ ಮೊದಲೇ ಬುರುಬುರು ಗುಳ್ಳೆ ಏಳುತ್ತವೆ, ಬೆಳ್ಳುಳ್ಳಿಯಂಥ ವಾಸನೆ ಹರಡುತ್ತದೆ, ಚೂರಿನ ಸುತ್ತಲಿನ ನೀರು ಎಳೆಎಳೆಯಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಸುಣ್ಣದ ತಿಳಿಗಸಿ ಕೂರುತ್ತದೆ. ವಾಸನೆ ಅಸಿಟಿಲೀನಿನದಲ್ಲ, ಕಾರ್ಬೈಡಿನಲ್ಲಿರುವ ಕಲ್ಮಶದಿಂದ ಹುಟ್ಟುವ ಫಾಸ್ಫೀನಿನದು. ಶುದ್ಧ ಅಸಿಟಿಲೀನಿಗೆ ಇಂಥ ನಾತವಿಲ್ಲ. (ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ.)

ಈ ಬೀಕರಿನಲ್ಲಿ ನಡೆದದ್ದನ್ನು ‘ಕಾರ್ಬೈಡ್ ನೀರಿನೊಂದಿಗೆ ವರ್ತಿಸಿ ಅಸಿಟಿಲೀನ್ ಕೊಡುತ್ತದೆ’ ಎಂದು ಬಾಯಿಪಾಠ ಮಾಡಿ ಬಿಡುತ್ತೇವೆ. ಆದರೆ ಇದು ಅಪ್ಪಟ ಆಮ್ಲ–ಪ್ರತ್ಯಾಮ್ಲ ಕ್ರಿಯೆ. ಕ್ಯಾಲ್ಸಿಯಂ ಕಾರ್ಬೈಡ್ ಎಂದರೆ ಎರಡೂ ಪ್ರೋಟಾನ್ ಕಳೆದುಕೊಂಡ ಅಸಿಟಿಲೀನಿನ ಲವಣ. ಎರಡು ಋಣ ವಿದ್ಯುದಂಶ ಹೊತ್ತ ಎರಡು ಇಂಗಾಲಗಳು ಕ್ಯಾಲ್ಸಿಯಂ ಅಯಾನುಗಳ ನಡುವೆ ಕೂತಿವೆ. ನೀರು ಸಿಕ್ಕ ಕ್ಷಣ ಒಂದೊಂದು ಪ್ರೋಟಾನ್ ಕಿತ್ತುಕೊಂಡು ಅಸಿಟಿಲೀನ್ ಆಗಿ ಹಾರಿಹೋಗುತ್ತವೆ. ಇಲ್ಲಿ ನೀರು ಆಮ್ಲ, ಕಾರ್ಬೈಡ್ ಪ್ರತ್ಯಾಮ್ಲ. ಪ್ರೋಟಾನನ್ನು ಅಷ್ಟು ಹಟದಿಂದ ಹಿಡಿದುಕೊಳ್ಳುವ ಆಮ್ಲದ ಬೆನ್ನಿಗೆ ಅಷ್ಟೇ ಹಸಿದ ಪ್ರತ್ಯಾಮ್ಲವಿರುತ್ತದೆ ಎಂಬುದನ್ನು ಆ ಗುಲಾಬಿ ಬಣ್ಣ ಕಣ್ಣಿಗೆ ತೋರಿಸುತ್ತದೆ. 1836ರಲ್ಲಿ ಎಡ್ಮಂಡ್ ಡೇವಿ ಅಸಿಟಿಲೀನನ್ನು ಮೊದಲ ಬಾರಿಗೆ ಕಂಡದ್ದೂ ಹೀಗೆಯೇ, ಪೊಟ್ಯಾಸಿಯಂ ತಯಾರಿಸಲು ಹೋಗಿ ಸಿಕ್ಕ ಕಪ್ಪು ಶೇಷಕ್ಕೆ ನೀರು ತಾಗಿದಾಗ. ಅದಕ್ಕೆ ಅಸಿಟಿಲೀನ್ ಎಂಬ ಹೆಸರು ಬಂದದ್ದು 1860ರಲ್ಲಿ, ಬರ್ತಲೋ ಅವರಿಂದ. ಸೇಡಂ, ಚಿತ್ತಾಪುರ ಸೀಮೆಯ ನೆಲದಡಿಯಲ್ಲೆಲ್ಲ ಸುಣ್ಣಕಲ್ಲೇ ಇರುವುದರಿಂದ ನಿಮಗೆ ಇನ್ನೊಂದು ಮಾತು ಹೇಳಬೇಕು: ಸುಟ್ಟ ಸುಣ್ಣ ಮತ್ತು ಕೋಕ್ ಇದ್ದಿಲನ್ನು ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿಗೆ ಕಾಯಿಸಿದರೆ ಕಾರ್ಬೈಡ್ ಆಗುತ್ತದೆ. ನೀರಿಗೆ ಬಿದ್ದ ಮೇಲೆ ಅದು ಮತ್ತೆ ಸುಣ್ಣವಾಗಿಯೇ ತಳಕ್ಕೆ ಬರುತ್ತದೆ.

ಪ್ರಶ್ನೆ: ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಡೈಮಿಥೈಲ್ ಸಲ್ಫಾಕ್ಸೈಡಿನಲ್ಲಿ ಹಾಕಿದರೆ ಅದು ಸೂಪರ್‌ಬೇಸ್ ಆಗಿ ಅಸಿಟಿಲೀನ್ ಕ್ರಿಯೆಗಳನ್ನು ನಡೆಸುತ್ತದೆ ಎಂದು ಓದಿದೆ. ನೀರಿನಲ್ಲಿ ಕೈಲಾಗದ ಹೈಡ್ರಾಕ್ಸೈಡ್ ದ್ರಾವಕ ಬದಲಿಸಿದ ಮಾತ್ರಕ್ಕೆ ಬಲಶಾಲಿಯಾಗುವುದು ಸಾಧ್ಯವೇ?
– ಪದವಿಪೂರ್ವ ಕಾಲೇಜಿನ ಉಪನ್ಯಾಸಕರು, ಯಾದಗಿರಿ

ಉತ್ತರ: ಸಾಧ್ಯ, ಮತ್ತು ಈ ವಿಷಯದ ತಿರುಳೇ ಇದು. ನಾವು ಮೇಲೆ ಕೊಟ್ಟ ಪಿಕೆಎ ಅಂಕಿಗಳನ್ನು ಹೈಡ್ರಾಕ್ಸೈಡಿನ ಹುಟ್ಟುಗುಣವೆಂಬಂತೆ ಓದುತ್ತೇವೆ, ಆದರೆ ಅವು ನೀರಿನೊಳಗಿನ ಹೈಡ್ರಾಕ್ಸೈಡಿನ ಗುಣಗಳು. ದ್ರಾವಕವೇ ಇಲ್ಲದ ಕಡೆ, ಅನಿಲ ಸ್ಥಿತಿಯಲ್ಲಿ, ಅಳೆದಾಗ ಚಿತ್ರ ತಲೆಕೆಳಗಾಗುತ್ತದೆ. ಅಲ್ಲಿ ನೀರಿನ ಅಣುವಿನಿಂದ ಪ್ರೋಟಾನನ್ನು ಬಿಡಿಸಲು ಪ್ರತಿ ಮೋಲಿಗೆ ಸುಮಾರು 1633 ಕಿಲೋಜೂಲ್ ಬೇಕು, ಅಸಿಟಿಲೀನಿನಿಂದ ಬಿಡಿಸಲು ಸುಮಾರು 1580 ಕಿಲೋಜೂಲ್ ಸಾಕು. ಅಂದರೆ ಅನಿಲ ಸ್ಥಿತಿಯಲ್ಲಿ ಅಸಿಟಿಲೀನ್ ನೀರಿಗಿಂತ ಬಲವಾದ ಆಮ್ಲ! ಒಂಟಿ ಹೈಡ್ರಾಕ್ಸೈಡ್ ಅಯಾನಿಗೆ ಒಂಟಿ ಅಸಿಟಿಲೀನ್ ಅಣು ಎದುರಾದರೆ ಪ್ರೋಟಾನ್ ಹೈಡ್ರಾಕ್ಸೈಡಿನ ಪಾಲಾಗುತ್ತದೆ. ನೀರಿನೊಳಗೆ ಹಾಗಾಗದಿರುವುದಕ್ಕೆ ಕಾರಣ, ಚಿಕ್ಕದಾದ ಹೈಡ್ರಾಕ್ಸೈಡಿನ ಋಣ ವಿದ್ಯುದಂಶಕ್ಕೆ ನೀರಿನ ಅಣುಗಳು ಹೈಡ್ರೋಜನ್ ಬಂಧಗಳ ಮೂಲಕ ನಾಲ್ಕೂ ಕಡೆಯಿಂದ ಮುತ್ತಿಕೊಂಡು ಅದರ ಹಸಿವನ್ನು ಅರ್ಧಕ್ಕರ್ಧ ತೀರಿಸಿಬಿಟ್ಟಿರುತ್ತವೆ. ನೆಂಟರ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಂದವನ ಮುಂದೆ ರೊಟ್ಟಿ ಇಟ್ಟಂತೆ, ಅಸಿಟಿಲೀನಿನ ಪ್ರೋಟಾನ್ ಅದಕ್ಕೆ ಬೇಕಾಗಿಲ್ಲ.

ಡೈಮಿಥೈಲ್ ಸಲ್ಫಾಕ್ಸೈಡಿನಲ್ಲಿ ಈ ಉಪಚಾರ ನಡೆಯುವುದಿಲ್ಲ. ಅದರ ಆಮ್ಲಜನಕದ ತುದಿಯಲ್ಲಿ ಋಣಾಂಶ ಹೆಚ್ಚಿದ್ದು ಅದು ಪೊಟ್ಯಾಸಿಯಂ ಅಯಾನನ್ನು ಚೆನ್ನಾಗಿ ಅಪ್ಪಿಕೊಳ್ಳುತ್ತದೆ, ಆದರೆ ಋಣ ಅಯಾನಿಗೆ ಹೈಡ್ರೋಜನ್ ಬಂಧ ಕೊಡಬಲ್ಲ ಹೈಡ್ರೋಜನ್ ಅದರಲ್ಲಿಲ್ಲ. ಆದುದರಿಂದ ಪೊಟ್ಯಾಸಿಯಂ ಒಂದು ಕಡೆ ಸುಖವಾಗಿ ಕುಳಿತರೆ ಹೈಡ್ರಾಕ್ಸೈಡ್ ಬೆತ್ತಲೆಯಾಗಿ ಉಳಿಯುತ್ತದೆ. ಈ ದ್ರಾವಕದಲ್ಲಿ ನೀರಿನ ಪಿಕೆಎ 31.4 ಎಂದು ಬೋರ್ಡ್‌ವೆಲ್ ಅವರ ಪ್ರಸಿದ್ಧ ಕೋಷ್ಟಕ ತೋರಿಸುತ್ತದೆ. ಅಸಿಟಿಲೀನಿನ ಒಂದು ತುದಿಗೆ ಬೆಂಜೀನ್ ಉಂಗುರ ಜೋಡಿಸಿದ ಫಿನೈಲ್ ಅಸಿಟಿಲೀನಿನದು 28.8. ನೀರಿನ ಅಂಕಿ 15.7ರಿಂದ 31.4ಕ್ಕೆ, ಸರಿಯಾಗಿ ಎರಡು ಪಟ್ಟಿಗೆ, ಜಿಗಿದಿದೆ. ಅಸಿಟಿಲೀನ್ ಕುಲದ ಅಂಕಿಯಾದರೋ ಹೆಚ್ಚು ಕದಲಿಲ್ಲ, ಏಕೆಂದರೆ ಅಸಿಟಿಲೈಡ್ ಅಯಾನು ಮೊದಲಿನಿಂದಲೂ ನೀರಿನ ಉಪಚಾರವನ್ನು ಅಷ್ಟಾಗಿ ನೆಚ್ಚಿಕೊಂಡಿರಲಿಲ್ಲ. ಹೀಗೆ ಪಟ್ಟಿಯಲ್ಲಿ ಇಬ್ಬರ ಸ್ಥಾನ ಅದಲುಬದಲಾಗುತ್ತದೆ. ಹೈಡ್ರಾಕ್ಸೈಡಿಗೆ ಹೊಸದಾಗಿ ಯಾರೂ ಬಲ ಕೊಟ್ಟಿಲ್ಲ, ಅದನ್ನು ಹಿಡಿದಿದ್ದ ಕೈಗಳನ್ನು ಬಿಡಿಸಿದ್ದಾರೆ. ಪ್ರತ್ಯಾಮ್ಲದ ಸೂಪರ್‌ತನ ಒಂಟಿ ಪದಾರ್ಥದ ಗುಣವಲ್ಲ, ಕೂಟದ ಗುಣ ಎಂಬ ಕೊಬೇರ್ ನಿಲುವಿಗೆ ನಾನು ವಾಲುವುದು ಇದೇ ಕಾರಣಕ್ಕೆ.

ಇದು ಬರೀ ಕಾಗದದ ಲೆಕ್ಕವಲ್ಲ. 1930ರ ದಶಕದಲ್ಲಿ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆಯ ವಾಲ್ಟರ್ ರೆಪ್ಪೆ ಅಸಿಟಿಲೀನನ್ನು ಆಲ್ಕೋಹಾಲ್‌ಗಳಿಗೆ ಜೋಡಿಸಿ ವಿನೈಲ್ ಈಥರ್‌ಗಳನ್ನು ಮಾಡಿದಾಗ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಜೊತೆಗೆ 150 ಡಿಗ್ರಿಗೂ ಮೀರಿದ ಶಾಖ ಮತ್ತು ಒತ್ತಡ ಬೇಕಾಗಿತ್ತು. ಒತ್ತಡದಲ್ಲಿರುವ ಅಸಿಟಿಲೀನ್ ಆಮ್ಲಜನಕವಿಲ್ಲದೆಯೂ ತಾನಾಗಿ ಸಿಡಿಯಬಲ್ಲದು ಎಂಬುದನ್ನು ನೆನೆದರೆ ಅವರ ಧೈರ್ಯ ಅರ್ಥವಾಗುತ್ತದೆ. ಅವರು ಅನಿಲಕ್ಕೆ ಸಾರಜನಕ ಬೆರೆಸಿ ತೆಳುವಾಗಿಸುತ್ತಿದ್ದರು. ಸೈಬೀರಿಯಾದ ಇರ್ಕುಟ್ಸ್ಕ್‌ನಲ್ಲಿ 1957ರಲ್ಲಿ ಆರಂಭವಾದ ರಸಾಯನ ಸಂಸ್ಥೆಗೆ ಅಸಿಟಿಲೀನೇ ಮನೆದೇವರು. ಅಸಿಟಿಲೀನ್ ಕ್ರಿಯೆಗಳಿಗೆ ಅಡಿಪಾಯ ಹಾಕಿದ ಫವೋರ್‌ಸ್ಕಿ ಅವರ ಹೆಸರನ್ನೇ ಅದು ಹೊತ್ತಿದೆ. ಅಲ್ಲಿಯ ಬೋರಿಸ್ ತ್ರೊಫಿಮೊವ್ ಮತ್ತು ಸಂಗಡಿಗರು 1970ರ ದಶಕದಿಂದ ಈ ಪೊಟ್ಯಾಸಿಯಂ ಹೈಡ್ರಾಕ್ಸೈಡ್–ಸಲ್ಫಾಕ್ಸೈಡ್ ಜೋಡಿಯನ್ನು ಪಳಗಿಸಿ, ಎಷ್ಟೋ ಕ್ರಿಯೆಗಳನ್ನು 100 ಡಿಗ್ರಿಯ ಆಸುಪಾಸಿನಲ್ಲಿ, ಸಾಮಾನ್ಯ ವಾಯು ಒತ್ತಡದಲ್ಲಿಯೇ ನಡೆಸಿ ತೋರಿಸಿದರು. ಕೀಟೋನಿನಿಂದ ಮಾಡಿದ ಆಕ್ಸೈಮನ್ನು ಅಸಿಟಿಲೀನಿನೊಂದಿಗೆ ಈ ಕೂಟಕ್ಕೆ ಬಿಟ್ಟರೆ ನಾಲ್ಕು ಇಂಗಾಲ, ಒಂದು ಸಾರಜನಕ ಸೇರಿದ ಪಿರೋಲ್ ಉಂಗುರ ಸಿಗುತ್ತದೆ; ಆ ಕ್ರಿಯೆಗೆ ಈಗ ತ್ರೊಫಿಮೊವ್ ಅವರದೇ ಹೆಸರು. ನಮ್ಮ ರಕ್ತದ ಹೀಮಿನಲ್ಲಿಯೂ ಎಲೆಯ ಹಸಿರಿನಲ್ಲಿಯೂ ಇರುವುದು ಈ ಉಂಗುರದ ಕುಲವೇ.

ಇಲ್ಲಿ ಗಮನಿಸಬೇಕಾದ ಒಂದು ಸಣ್ಣ ಸಂಗತಿ: ಹೈಡ್ರಾಕ್ಸೈಡ್ ಗುಳಿಗೆಗಳ ಡಬ್ಬಿಯ ಮೇಲೆ ಶೇ. 85 ಎಂದಿರುತ್ತದೆ, ಉಳಿದದ್ದು ಬಹುಪಾಲು ನೀರು. ಅಷ್ಟು ನೀರನ್ನು ಈ ಕೂಟ ಸಹಿಸುತ್ತದೆ. ಆದರೆ ಅದಕ್ಕಿಂತ ನೀರು ಹೆಚ್ಚಿದಂತೆಲ್ಲ ಮೇಲೆ ಹೇಳಿದ ಉಪಚಾರ ಮತ್ತೆ ಆರಂಭವಾಗಿ ಹೈಡ್ರಾಕ್ಸೈಡ್ ಸಾಧುವಾಗುತ್ತ ಹೋಗುತ್ತದೆ. ಸಲ್ಫಾಕ್ಸೈಡ್ ಗಾಳಿಯ ತೇವವನ್ನು ಹೀರುವುದರಲ್ಲಿ ಬಲು ಚುರುಕು. ಅದು ಹೆಪ್ಪುಗಟ್ಟುವುದು 18.5 ಡಿಗ್ರಿಗೆ. ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ಇದನ್ನು ಕಾಣುವ ಭಾಗ್ಯವಿಲ್ಲ, ಆದರೆ ಬೀದರಿನ ಚಳಿಗಾಲದ ಬೆಳಗಿನಲ್ಲಿ ಬಾಟಲಿ ತೆಗೆದರೆ ಒಳಗೆ ಗಾಜಿನಂಥ ಹರಳುಗಳು ಕಟ್ಟಿರುವುದು ಅಪರೂಪವಲ್ಲ. ಹೆಪ್ಪುಗಟ್ಟಬೇಕಾದ ಚಳಿಯಲ್ಲಿಯೂ ಬಾಟಲಿಯಲ್ಲಿರುವುದು ದ್ರವವಾಗಿಯೇ ಉಳಿದಿದ್ದರೆ ಅದು ಎಷ್ಟೋ ದಿನದಿಂದ ತೇವ ಕುಡಿದಿದೆ ಎಂದು ಅನುಮಾನಿಸಬಹುದು. ಕಾಲೇಜು ಪ್ರಯೋಗಶಾಲೆಯಲ್ಲಿ ಈ ಕ್ರಿಯೆಗಳನ್ನು ಯಾರೂ ಪ್ರಯತ್ನಿಸಬಾರದು; ಸಲ್ಫಾಕ್ಸೈಡನ್ನು ಸೋಡಿಯಂ ಹೈಡ್ರೈಡಿನಂಥ ಪ್ರತ್ಯಾಮ್ಲದೊಂದಿಗೆ ಕಾಯಿಸಿದಾಗ ಸ್ಫೋಟಗಳಾಗಿವೆ.

ಪ್ರತ್ಯಾಮ್ಲದ ಬಲ ಬದಲಾದರೆ ಕ್ರಿಯೆಯ ದಿಕ್ಕೇ ಬದಲಾಗುತ್ತದೆ ಎಂಬುದಕ್ಕೆ ತರಗತಿಯಲ್ಲಿ ಹೇಳಬಹುದಾದ ಉದಾಹರಣೆ ಒಂದಿದೆ. ಉದ್ದನೆಯ ಇಂಗಾಲ ಸರಪಳಿಯ ತುದಿಯಲ್ಲಿ ತ್ರಿಬಂಧವಿದ್ದರೆ, ಬಿಸಿಯಾದ ಆಲ್ಕೋಹಾಲಿನಲ್ಲಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅದನ್ನು ಒಳಕ್ಕೆ ಸರಿಸುತ್ತದೆ. 1880ರ ದಶಕದಲ್ಲಿಯೇ ಫವೋರ್‌ಸ್ಕಿ ಇದನ್ನು ಕಂಡಿದ್ದರು. ಒಳಗಿನ ತ್ರಿಬಂಧ ಹೆಚ್ಚು ಸ್ಥಿರವಾದುದರಿಂದ ಇದು ಸಹಜ. ಆದರೆ 1975ರಲ್ಲಿ ಬ್ರೌನ್ ಮತ್ತು ಯಮಶಿತ ಪೊಟ್ಯಾಸಿಯಂ ಅಮಿನೊಪ್ರೊಪಿಲಮೈಡ್ ಎಂಬ ಸೂಪರ್‌ಬೇಸ್ ಬಳಸಿದಾಗ ನಡುವಿನಲ್ಲಿದ್ದ ತ್ರಿಬಂಧ ಜಿಪ್ ಎಳೆದಂತೆ ಸರಸರನೆ ತುದಿಗೆ ಬಂದು ನಿಂತಿತು. ತುದಿಗೆ ಬಂದ ತ್ರಿಬಂಧಕ್ಕೆ ಮಾತ್ರ ಬಿಡಬಲ್ಲ ಪ್ರೋಟಾನ್ ಇರುತ್ತದೆ. ಸೂಪರ್‌ಬೇಸ್ ಅದನ್ನು ಕಿತ್ತು ಅಸಿಟಿಲೈಡ್ ಮಾಡಿಬಿಟ್ಟರೆ ಹಿಂದಿರುಗುವ ದಾರಿ ಮುಚ್ಚುತ್ತದೆ. ದುರ್ಬಲ ಪ್ರತ್ಯಾಮ್ಲಕ್ಕೆ ಹಾಗೆ ದಾರಿ ಮುಚ್ಚುವ ಶಕ್ತಿಯಿಲ್ಲ.

ಪ್ರಶ್ನೆ: ನಾನು ಗ್ಯಾಸ್ ವೆಲ್ಡಿಂಗ್ ಕೆಲಸದವನು. ಅಸಿಟಿಲೀನ್ ಲೈನಿಗೆ ತಾಮ್ರದ ಪೈಪ್ ಹಾಕಬಾರದು ಎಂದು ಉಸ್ತಾದರು ಕಲಿಸಿದರು, ಕಾರಣ ಹೇಳಲಿಲ್ಲ.
– ಕಪನೂರ ಕೈಗಾರಿಕಾ ಪ್ರದೇಶ, ಕಲಬುರಗಿ

ಉತ್ತರ: ಉಸ್ತಾದರು ಸರಿಯಾಗಿಯೇ ಕಲಿಸಿದ್ದಾರೆ. ತಾಮ್ರಕ್ಕೆ ತೇವ ಮತ್ತು ಅಸಿಟಿಲೀನ್ ತಾಗುತ್ತಿದ್ದರೆ ತಾಮ್ರದ ಅಸಿಟಿಲೈಡ್ ಎಂಬ ಕೆಂಗಂದು ಪುಡಿ ಕಟ್ಟಿಕೊಳ್ಳುತ್ತದೆ. ಒಣಗಿದ ಮೇಲೆ ಅದನ್ನು ಕೆರೆದರೂ ಬಡಿದರೂ ಸಿಡಿಯುತ್ತದೆ. ಆದುದರಿಂದ ಉಕ್ಕಿನ ಪೈಪನ್ನೇ ಬಳಸಿ. ಬೆಳ್ಳಿ ಕೂಡ ಇದೇ ರೀತಿ ಅಪಾಯಕಾರಿ. ಕಟಿಂಗ್ ನಾಜಲ್ಲಿನ ತುದಿ ತಾಮ್ರದ್ದಾಗಿರುತ್ತದಲ್ಲ ಎಂದು ನೀವು ಕೇಳಬಹುದು, ಆದರೆ ಅಲ್ಲಿ ಅನಿಲ ನಿಲ್ಲದೆ ಹರಿದು ಉರಿಯುತ್ತದೆ, ಪೈಪಿನಲ್ಲಿಯಂತೆ ತಿಂಗಳುಗಟ್ಟಲೆ ತಂಗುವುದಿಲ್ಲ. ಸಿಲಿಂಡರಿನಿಂದ ಹೊರಬಂದ ಅನಿಲದ ಗೇಜ್ ಒತ್ತಡ ಸುಮಾರು 1 ಬಾರ್ ದಾಟಬಾರದು ಎಂಬ ನಿಯಮವೂ ಇದರಷ್ಟೇ ಮುಖ್ಯ. ಮೆರೂನ್ ಬಣ್ಣದ ಆ ಸಿಲಿಂಡರಿನೊಳಗೆ ಅನಿಲ ಬಿಡಿಯಾಗಿಲ್ಲ, ರಂಧ್ರಗಳುಳ್ಳ ತುಂಬುವಸ್ತುವಿನಲ್ಲಿ ಹೀರಿಸಿದ ಅಸಿಟೋನಿನಲ್ಲಿ ಕರಗಿದೆ. ಅದಕ್ಕಾಗಿಯೇ ಸಿಲಿಂಡರನ್ನು ಮಲಗಿಸಿ ಬಳಸಬಾರದು.

ಯಾದಗಿರಿಯ ಉಪನ್ಯಾಸಕರು ಇದನ್ನೂ ಓದುತ್ತಿದ್ದರೆ ಒಂದು ಆಕ್ಷೇಪ ಎತ್ತಬಹುದು: ಇಲ್ಲಿ ಸೂಪರ್‌ಬೇಸ್ ಎಲ್ಲಿದೆ? ಇಲ್ಲ. ತಾಮ್ರ, ಬೆಳ್ಳಿಯ ಅಯಾನುಗಳು ಮೊದಲು ತ್ರಿಬಂಧದ ಎಲೆಕ್ಟ್ರಾನ್‌ಗಳನ್ನು ತಮ್ಮ ಕಡೆಗೆ ಎಳೆದುಕೊಂಡು ಪ್ರೋಟಾನಿನ ಹಿಡಿತವನ್ನು ಸಡಿಲಿಸುತ್ತವೆ, ಆಮೇಲೆ ಅಮೋನಿಯಾದಂಥ ಸೌಮ್ಯ ಪ್ರತ್ಯಾಮ್ಲವೇ ಅದನ್ನು ಒಯ್ಯಬಲ್ಲದು. ಪ್ರಯೋಗಶಾಲೆಯಲ್ಲಿ ಅಮೋನಿಯಾ ಬೆರೆಸಿದ ಬೆಳ್ಳಿ ನೈಟ್ರೇಟಿನಲ್ಲಿ ಬಿಳಿ ಒತ್ತರ ಬರುವುದು ಹೀಗೆ. 1975ರಲ್ಲಿ ಸೊನೊಗಾಶಿರ ಇದೇ ಉಪಾಯವನ್ನು ತಾಮ್ರ ಮತ್ತು ಪಲ್ಲಾಡಿಯಂ ಜೊತೆಗೆ ಬಳಸಿದ ಕ್ರಿಯೆ ಇಂದು ಔಷಧ ತಯಾರಿಕೆಯಲ್ಲಿ ನಿತ್ಯದ್ದಾಗಿದೆ. ಪ್ರೋಟಾನ್ ಕೀಳುವವನ ಬಲ ಹೆಚ್ಚಿಸುವುದು ಒಂದು ದಾರಿ, ಹಿಡಿದಿರುವವನ ಕೈ ಸಡಿಲಿಸುವುದು ಇನ್ನೊಂದು.

ಪ್ರಶ್ನೆ: ಜಗತ್ತಿನ ಅತ್ಯಂತ ಬಲವಾದ ಪ್ರತ್ಯಾಮ್ಲ ಯಾವುದು? ಅದನ್ನು ಬಾಟಲಿಯಲ್ಲಿ ಕೊಳ್ಳಲು ಸಿಗುತ್ತದೆಯೇ?
– ಪಿಯು ವಿದ್ಯಾರ್ಥಿ, ಭಾಲ್ಕಿ

ಉತ್ತರ: ಬಾಟಲಿಯಲ್ಲಿ ಸಿಗುವುದಿಲ್ಲ, ಯಾವ ಬಾಟಲಿಯೂ ಅದನ್ನು ಹಿಡಿದಿಡಲಾರದು. ಆದರೆ ಅದು ಅಸಿಟಿಲೀನಿನ ಮನೆತನದ್ದೇ ಎಂಬುದು ಈ ತಿಂಗಳ ಪತ್ರಗಳಿಗೆ ಒದಗಿದ ಕಾಕತಾಳೀಯ. ಬಹುಕಾಲ ಮೀಥೇನಿನಿಂದ ಪ್ರೋಟಾನ್ ತೆಗೆದ ಅಯಾನಿಗೆ ಈ ಪಟ್ಟವಿತ್ತು. 2008ರಲ್ಲಿ ಲಿಥಿಯಂ ಮಾನಾಕ್ಸೈಡ್ ಅಯಾನು ಅದನ್ನು ಕಿತ್ತುಕೊಂಡಿತು. ಅದರ ಪ್ರೋಟಾನ್ ಆಕರ್ಷಣೆ, ಅಂದರೆ ಅದು ಹಿಡಿದ ಪ್ರೋಟಾನನ್ನು ಮತ್ತೆ ಬಿಡಿಸಲು ಬೇಕಾದ ಶಕ್ತಿ, ಮೋಲಿಗೆ ಸುಮಾರು 1780 ಕಿಲೋಜೂಲ್. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬೆಂಜೀನ್ ಉಂಗುರದ ಅಕ್ಕಪಕ್ಕದ ಎರಡು ಮೂಲೆಗಳಿಗೆ ಒಂದೊಂದು ಅಸಿಟಿಲೀನ್ ತುಂಡನ್ನು ಜೋಡಿಸಿದ, ಎರಡೂ ತುಂಡುಗಳ ಪ್ರೋಟಾನ್ ಕಳೆದ ಅಯಾನನ್ನು ಹುಟ್ಟಿಸಿದರು. ಅದರ ಹೆಸರು ಆರ್ಥೊ ಡೈಇಥೈನೈಲ್‌ಬೆಂಜೀನ್ ದ್ವಿಋಣ ಅಯಾನು. ಲೆಕ್ಕ ಹಾಕಿದ ಆಕರ್ಷಣೆ 1843 ಕಿಲೋಜೂಲ್.

ಒಂಟಿ ಅಸಿಟಿಲೈಡಿನ ಅಂಕಿ ಸುಮಾರು 1580 ಎಂದು ಮೇಲೆ ನೋಡಿದೆವು. ಎರಡನ್ನು ಒಂದೇ ಉಂಗುರಕ್ಕೆ ಕಟ್ಟಿದಾಗ ಅದು ಇಷ್ಟು ಏರುವುದೇಕೆ? ಎರಡು ಋಣ ವಿದ್ಯುದಂಶಗಳು ಒಂದರ ಮುಖ ಒಂದಕ್ಕೆ ಆಗದಿದ್ದರೂ ಒಂದೇ ಕೋಣೆಯಲ್ಲಿ ಇರಬೇಕಾಗಿದೆ. ಒಂದು ಪ್ರೋಟಾನ್ ಬಂದು ಯಾವುದಾದರೂ ಒಂದು ತುದಿಯನ್ನು ತಣಿಸಿದರೆ ಆ ವಿಕರ್ಷಣೆಯೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತದೆ, ಹಾಗಾಗಿ ಪ್ರೋಟಾನಿಗಾಗಿ ಅದಕ್ಕೆ ಇಷ್ಟು ಹಸಿವು. ತುಂಡುಗಳನ್ನು ಎದುರುಬದುರಿನ ಮೂಲೆಗಳಿಗೆ ಸರಿಸಿದರೆ ಈ ಅಂಕಿ ಕೆಳಗಿಳಿಯುತ್ತದೆ. ಕಾರ್ಬೈಡಿನಲ್ಲಿಯಂತೆ ಎರಡೂ ವಿದ್ಯುದಂಶಗಳನ್ನು ಒಂದೇ ಜೋಡಿ ಇಂಗಾಲಕ್ಕೆ ಹೊರಿಸಿದರೆ ಇನ್ನೂ ಬಲ ಬರಬೇಕಲ್ಲವೇ ಎಂದರೆ, ಕ್ಯಾಲ್ಸಿಯಂ ಅಯಾನುಗಳ ಆಸರೆಯಿಲ್ಲದೆ ಬಯಲಿಗೆ ಬಂದ ಅಂಥ ಅಯಾನು ಒಂದು ಎಲೆಕ್ಟ್ರಾನನ್ನು ಉಗುಳಿ ಇಲ್ಲವಾಗುತ್ತದೆ. ಬೆಂಜೀನ್ ಉಂಗುರ ಅವೆರಡನ್ನು ಜಗಳ ಮುಂದುವರಿಯುವಷ್ಟು ಹತ್ತಿರ, ಮನೆ ಮುರಿಯದಷ್ಟು ದೂರ ಇಟ್ಟಿದೆ.

ಅದನ್ನು ಮಾಡಿದ ಬಗೆಯೂ ಜಾಣತನದ್ದು. ಇದಕ್ಕಿಂತ ಬಲವಾದ ಪ್ರತ್ಯಾಮ್ಲ ಇಲ್ಲದಿರುವಾಗ ಪ್ರೋಟಾನನ್ನು ಕೀಳುವವರು ಯಾರು? ಆದುದರಿಂದ ಅವರು ಕೀಳಲು ಹೋಗಲೇ ಇಲ್ಲ. ಪ್ರತಿ ಅಸಿಟಿಲೀನ್ ತುದಿಯಲ್ಲಿ ಪ್ರೋಟಾನಿನ ಬದಲು ಕಾರ್ಬಾಕ್ಸಿಲ್ ಗುಂಪು ಇರುವ ಆಮ್ಲವನ್ನು ತೆಗೆದುಕೊಂಡರು. ಕಾರ್ಬಾಕ್ಸಿಲಿನ ಪ್ರೋಟಾನನ್ನು ಯಾವ ಸಾಧಾರಣ ಪ್ರತ್ಯಾಮ್ಲವೂ ತೆಗೆಯುತ್ತದೆ. ಹೀಗೆ ಸಿಕ್ಕ ಅಯಾನನ್ನು, ಅಯಾನುಗಳನ್ನು ತೂಕದಿಂದ ಗುರುತಿಸುವ ಉಪಕರಣವಾದ ದ್ರವ್ಯರಾಶಿ ರೋಹಿತಮಾಪಕದ ನಿರ್ವಾತಕ್ಕೆ ಕಳಿಸಿ ಅನಿಲದ ಅಣುಗಳೊಂದಿಗೆ ಡಿಕ್ಕಿ ಹೊಡೆಸಿದಾಗ ಎರಡೂ ತುದಿಗಳಿಂದ ಇಂಗಾಲದ ಡೈಆಕ್ಸೈಡ್ ಕಳಚಿ ಬಿದ್ದು ಬೇಕಾದ ಅಯಾನು ಉಳಿಯಿತು. ಅದು ಬದುಕಿರುವುದು ಆ ನಿರ್ವಾತದೊಳಗೆ ಮಾತ್ರ.